ದಿನಕ್ಕೆ ಏಳು ಸಾವಿರ ಮೊಟ್ಟೆ, ಎರಡನೇ ಸಲ ವೀಸಾ ಅರ್ಜಿ

ಬೆಳಗಿನ ಜಾವ ನಾಲ್ಕೂವರೆ. ಮೊಟ್ಟೆ ಗೋದಾಮಿನ ಹಿಂದಿನ ಕೋಣೆಯ ಕಿಟಕಿಗೆ ರಟ್ಟು ಬಡಿದು ಬೇಕೆಂದೇ ಕತ್ತಲು ಮಾಡಿದ್ದಾರೆ. ಮರದ ಪೆಟ್ಟಿಗೆಯೊಂದಕ್ಕೆ ತೂತು ಕೊರೆದು ಒಳಗೆ ಬಲ್ಬ್ ಇಟ್ಟಿದ್ದಾರೆ. ಅದರ ಮುಂದೆ ಸ್ಟೂಲಿನ ಮೇಲೆ ಕೂತ ಲೈಟಕ್ಕ ಕೈಗೆ ಮೂರರಂತೆ ಮೊಟ್ಟೆ ಎತ್ತಿ, ಬೆರಳಲ್ಲೇ ಉರುಳಿಸುತ್ತ ಬೆಳಕಿಗೆ ಹಿಡಿಯುತ್ತಾರೆ. ಕೂದಲೆಳೆಯಷ್ಟು ಬಿರುಕಿದ್ದರೂ ಅದು ಮಿಂಚುತ್ತದೆ. ಒಳಗೆ ರಕ್ತದ ಚುಕ್ಕೆ ಇದ್ದರೆ ನೆರಳಾಗಿ ಕಾಣುತ್ತದೆ. ಚೆನ್ನಾಗಿರುವುದು ಬಲಗಡೆಯ ಟ್ರೇಗೆ, ಕೆಟ್ಟಿದ್ದು ಎಡಗಡೆಯ ಬಕೆಟ್ಟಿಗೆ. ಟ್ರೇಯೊಳಗೆ ಮೊಟ್ಟೆ ಇಳಿದ ಸದ್ದೂ ಕೇಳುವುದಿಲ್ಲ.

ಗೋದಾಮಿನಲ್ಲಿರುವ ಹನ್ನೆರಡು ಹೆಂಗಸರಲ್ಲಿ ಲೈಟಿನ ಮುಂದೆ ಕೂರುವುದು ಇವರೊಬ್ಬರೇ, ಹಾಗಾಗಿ ಲೈಟಕ್ಕ. ಉಳಿದ ಹನ್ನೊಂದು ಮಂದಿ ತೊಳೆಯುವುದು, ಗಾತ್ರ ನೋಡಿ ಬೇರ್ಪಡಿಸುವುದು, ಲಾರಿಗೆ ಕಟ್ಟುವುದು. ನಾಲ್ಕರಿಂದ ಹನ್ನೊಂದರವರೆಗೆ ಇನ್ನೂರ ನಲವತ್ತು ಟ್ರೇ, ಟ್ರೇಗೆ ಮೂವತ್ತು. ವಾರಕ್ಕೆ ಆರು ದಿನ. ಕಣ್ಣಲ್ಲಿ ನೀರು ಸೋರುತ್ತಲೇ ಇರುತ್ತದೆ, ಒರೆಸಿಕೊಳ್ಳಲು ಕೈಗೆ ಬಿಡುವಿರುವುದಿಲ್ಲ. ಭುಜಕ್ಕೇ ಉಜ್ಜಿಕೊಳ್ಳುತ್ತಾರೆ. ಹೀಗೆ ಹತ್ತೊಂಬತ್ತು ವರ್ಷ.

"ಅಷ್ಟು ವರ್ಷದಲ್ಲಿ ನಾನು ಪಾಸ್ ಮಾಡಿದ್ದನ್ನ ಅಂಗಡಿಯವರು ವಾಪಸ್ ಕಳ್ಸಿದ್ದು ಎರಡೇ ಸಲ. ಅದ್ರಲ್ಲೂ ಒಂದ್ಸಲ ಲಾರಿಯೋನೇ ಎತ್ತಾಕಿ ಒಡ್ದಿದ್ದ" ಎನ್ನುತ್ತಾರೆ. ಎಂಟು ವಾರದ ಹಿಂದೆ ವಾಪಸ್ ಬಂದದ್ದು ಮಾತ್ರ ಅವರದೇ ಪಾಸ್‌ಪೋರ್ಟು.

ಅದರ ಜೊತೆಗಿದ್ದ ಪತ್ರವನ್ನು ಲೈಟಕ್ಕ ಬಾಯಿಪಾಠ ಮಾಡಿಕೊಂಡಿದ್ದಾರೆ. ಖಾತೆಯಲ್ಲಿರುವ ಹಣದ ಮೂಲ ಸ್ಪಷ್ಟವಿಲ್ಲ. ಉದ್ಯೋಗಕ್ಕೆ ದಾಖಲೆಯಿಲ್ಲ. ಭೇಟಿ ಮುಗಿದ ಮೇಲೆ ಸ್ವದೇಶಕ್ಕೆ ಹಿಂತಿರುಗುತ್ತೀರೆಂದು ನಂಬಲು ಸಾಕಷ್ಟು ಕಾರಣವಿಲ್ಲ. ಕೆಳಗೆ ಸಹಿ ಇಲ್ಲ, ಹೆಸರಿಲ್ಲ, ಒಂದು ನಂಬರಿದೆ. "ಯಾರು ಬೇಡ ಅಂದ್ರು ಅಂತಾನೂ ಹೇಳಲ್ಲ. ಬೈಯೋಣ ಅಂದ್ರೆ ಮುಖಾನೇ ಇಲ್ಲ."

ಲೈಟಕ್ಕ ಹೋಗಬೇಕಿರುವುದು ಊರು ನೋಡಲು ಅಲ್ಲ. ವೀಸಾ ಕೊಡದ ಆ ದೇಶದಲ್ಲಿ ಅವರ ಅಕ್ಕ ಇದ್ದಾರೆ. ಒಂಬತ್ತು ವರ್ಷ ದೊಡ್ಡವರು. ತಾಯಿ ತೀರಿಹೋದಾಗ ತಂಗಿಯನ್ನು ಸಾಕಿದವರು. ಹದಿಮೂರು ವರ್ಷದಿಂದ ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಒಂದು ಕೋಣೆಯಲ್ಲಿ ಒಬ್ಬರೇ ಬದುಕುತ್ತಿದ್ದಾರೆ. ಈಗ ಅವರ ಎದೆಯಲ್ಲಿ ಗಡ್ಡೆ. ಆಪರೇಷನ್ ಆದಮೇಲೆ ಆರು ವಾರ ಯಾರಾದರೂ ಜೊತೆಗಿರಬೇಕು. ಮೊದಲ ದಿನಾಂಕವನ್ನು ಅಕ್ಕ ತಾವೇ ಮುಂದೂಡಿದರು, ತಂಗಿ ಬರಲಿ ಎಂದು. ಈಗ ಕೊಟ್ಟಿರುವುದು ಬರುವ ತಿಂಗಳ ಇಪ್ಪತ್ತನಾಲ್ಕು. ಇನ್ನು ಒಂದು ದಿನವೂ ಮುಂದೂಡುವುದಿಲ್ಲ ಎಂದಿದ್ದಾರೆ ಡಾಕ್ಟರು.

ಮೊದಲ ಅರ್ಜಿ ಕೆಟ್ಟದ್ದು ಪ್ರೀತಿಯಿಂದ. ಖಾತೆಯಲ್ಲಿ ದುಡ್ಡು ತೋರಿಸಬೇಕು ಎಂದು ಯಾರೋ ಹೇಳಿದ್ದೇ ತಡ, ಗೋದಾಮಿನ ಹನ್ನೊಂದು ಮಂದಿ ಸೇರಿ ಮಾತಾಡಿಕೊಂಡರು. ಲೈಟಕ್ಕನಿಗೆ ಒಂದು ಮಾತೂ ತಿಳಿಸದೆ, ಕೂಲಿ ಸಿಕ್ಕ ಶನಿವಾರ ಒಟ್ಟಿಗೇ ಬ್ಯಾಂಕಿಗೆ ಹೋಗಿ ಸಾಲಾಗಿ ನಿಂತು, ಒಬ್ಬೊಬ್ಬರೂ ಅವರ ಖಾತೆಗೆ ಕೈಲಾದಷ್ಟು ಕಟ್ಟಿ ಬಂದರು. ಕೆಲವರು ಕೂಡಿಟ್ಟದ್ದನ್ನೂ ಸೇರಿಸಿದ್ದರು. "ವೀಸಾ ಬರೋವರ್ಗೂ ಇರ್ಲಿ, ಆಮೇಲೆ ವಾಪಸ್ ಕೊಡು ಅನ್ನೋಣ ಅಂತಿದ್ವಿ. ಖಾತೆ ತುಂಬಿದ್ರೆ ಮರ್ಯಾದೆ ಜಾಸ್ತಿ ಅಲ್ವಾ?" ಎನ್ನುತ್ತಾರೆ ಮೊಟ್ಟೆ ತೊಳೆಯುವ ಗೆಳತಿ. ವೀಸಾ ಕಚೇರಿಗೆ ಕಂಡದ್ದು ಬೇರೆ. ಒಂದೇ ದಿನ, ಒಂದು ತಾಸಿನೊಳಗೆ, ಹನ್ನೊಂದು ಕಡೆಯಿಂದ ಬಂದ ದುಡ್ಡು! "ನಾವೇನು ಕಳ್ಳಸಾಗಣೆ ಮಾಡ್ತೀವಾ? ನಮ್ಮನ್ನೊಂದ್ಸಲ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಗೆಳತಿಯ ಸಿಟ್ಟು ಇನ್ನೂ ಆರಿಲ್ಲ. ಅರ್ಜಿಗೆ ಕಟ್ಟಿದ ಶುಲ್ಕ ಮಾತ್ರ ವಾಪಸ್ ಬರಲಿಲ್ಲ.

ಪಾಸ್‌ಪೋರ್ಟು ವಾಪಸ್ ಬಂದ ಮರುದಿನವೇ ಲೈಟಕ್ಕ ಹನ್ನೊಂದು ಮಂದಿಗೂ ದುಡ್ಡು ಹಿಂತಿರುಗಿಸಿದರು. ಖಾತೆ ಸೊರಗಿತು. ಟ್ರಾವೆಲ್ ಏಜೆಂಟನೊಬ್ಬ ಕಮಿಷನ್ ಕೊಟ್ಟರೆ ಖಾತೆ ತುಂಬಿಸಿ ತೋರಿಸುತ್ತೇನೆ, ಹಳೆಯ ಅರ್ಜಿಯ ಮಾತೇ ಎತ್ತಬೇಡಿ ಎಂದ. "ಮುಚ್ಚಿಡೋಕೆ ನಾನೇನು ಕದ್ದಿದೀನಾ?" ಎಂದು ಎದ್ದು ಬಂದರು. ಈ ಸಲ ಖರ್ಚು ಅಕ್ಕನದು ಎಂದು ಅಕ್ಕನ ಸಂಬಳದ ಚೀಟಿಗಳೇ ಹೇಳುತ್ತವೆ. ಆ ಶನಿವಾರ ನಡೆದದ್ದನ್ನು ಒಂದು ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಸಿದರು. ಕೆಳಗೆ ಹತ್ತು ಸಹಿ, ಒಂದು ಹೆಬ್ಬೆಟ್ಟು.

ಉಳಿದದ್ದು ಒಂದೇ, ಉದ್ಯೋಗದ ಪತ್ರ. ನಿಜವಾದ ಜಗಳ ಆದದ್ದು ಅಲ್ಲಿ.

ಗೋದಾಮಿನ ಮಾಲೀಕ ಹಳೆಯ ಮಾಲೀಕನ ಮಗ. ಸ್ಕೂಲ್ ಬ್ಯಾಗ್ ಹಾಕಿಕೊಂಡು ಬರುತ್ತಿದ್ದ ಕಾಲದಿಂದ ಲೈಟಕ್ಕ ಅವನನ್ನು ಕಂಡವರು. ಕೂಲಿ ಕವರಿನಲ್ಲಿ ಬರುತ್ತದೆ. ರಸೀದಿಯಿಲ್ಲ, ಪುಸ್ತಕದಲ್ಲಿ ಹೆಸರಿಲ್ಲ. ಪತ್ರ ಕೇಳಿದಾಗ ಅವನು ನಕ್ಕ. "ಲೈಟಕ್ಕ, ನೀವು ನಮ್ಮನೆಯವ್ರ ಥರ. ಮನೆಯವ್ರಿಗೆ ಯಾರಾದ್ರೂ ಲೆಟರ್ ಕೊಡ್ತಾರಾ?"

"ಮನೆಯವಳಾದ್ರೆ ಪಾಲು ಕೊಡಿ. ಕೆಲಸದವಳಾದ್ರೆ ಲೆಟರ್ ಕೊಡಿ."

ನಗು ನಿಂತಿತು. ಒಂದು ವಾರ ಅಲೆದಾಡಿಸಿ, ಕೊನೆಗೆ ಒಂದು ಕಾಗದ ತಂದ. ಅದರಲ್ಲಿ 'ಒಂದು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ' ಎಂದಿತ್ತು. ಹತ್ತೊಂಬತ್ತು ಎಂದು ಬರೆದರೆ, ಕೆಲಸ ಬಿಡುವ ದಿನ ಅಷ್ಟೂ ವರ್ಷದ ಗ್ರಾಚ್ಯುಟಿ ಕಾನೂನು ಪ್ರಕಾರ ಕೊಡಬೇಕಾಗುತ್ತದೆ. ಅದು ಅವನಿಗೂ ಗೊತ್ತು, ಇವರಿಗೂ ಗೊತ್ತು. ಒಂದಾದರೇನು, ಹತ್ತೊಂಬತ್ತಾದರೇನು, ವೀಸಾಕ್ಕೆ ಒಂದು ಕಾಗದ ಸಾಕಲ್ಲ ಎಂದ.

ಲೈಟಕ್ಕ ಕಾಗದವನ್ನು ಮಡಚಿ ಅವನ ಮೇಜಿನ ಮೇಲಿಟ್ಟರು. ಹಿಂದಿನ ಕೋಣೆಗೆ ಹೋಗಿ ಬಲ್ಬಿನ ಸ್ವಿಚ್ ಆರಿಸಿ, ಸ್ಟೂಲಿನ ಮೇಲೆ ಕೈಕಟ್ಟಿ ಕೂತರು. ಬೆಳಗಿನ ಐದೂಕಾಲು. ಹೊರಗೆ ಲಾರಿ ನಿಂತಿತ್ತು. ತೊಳೆಯುವ ಕಡೆ ನಲ್ಲಿ ನಿಂತಿತು, ಕಟ್ಟುವ ಕಡೆ ಹಗ್ಗ ನಿಂತಿತು. ಮಾಲೀಕ ತಾನೇ ಬಂದು ಸ್ವಿಚ್ ಹಾಕಿ ಕೂತ. ಒಂದೊಂದೇ ಮೊಟ್ಟೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ. ಮೂರನೆಯದು ಕೈಯಲ್ಲೇ ಒಡೆದು ಅಂಗಿ ತೋಳಿನೊಳಗೆ ಇಳಿಯಿತು.

"ಅಯ್ಯೋ, ಅದೂ ಬಕೆಟ್‌ಗೆ ಹಾಕಿ ಯಜಮಾನ್ರೇ" ಎಂದರಂತೆ ಗೆಳತಿ. ಹನ್ನೆರಡು ಹೆಂಗಸರೂ ನಕ್ಕರು. ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ.

ಆರು ಗಂಟೆಗೆ ಹೊಸ ಪತ್ರ ಬಂತು. ಹತ್ತೊಂಬತ್ತು ವರ್ಷ, ವಾರದ ಕೂಲಿ ಇಷ್ಟು, ಆರು ವಾರ ರಜೆ, ವಾಪಸ್ ಬಂದಮೇಲೆ ಇದೇ ಕೆಲಸ. ಲೈಟಕ್ಕ ಎರಡು ಸಲ ಓದಿದರು. ಆಮೇಲೆ ಅವನ ಮುಖ ನೋಡಿ "ಸೀಲು?" ಎಂದರು.

ಅರ್ಜಿ ಹಾಕಿ ಇವತ್ತಿಗೆ ಹನ್ನೆರಡು ದಿನ. ಸಾಲ ಮಾಡಿ ಎರಡನೇ ಸಲ ಶುಲ್ಕ ಕಟ್ಟಿದ್ದಾರೆ. ಮತ್ತೆ ಬೆರಳಚ್ಚು, ಮತ್ತೆ ಫೋಟೋ, ಮತ್ತೆ ಗಾಜಿನಾಚೆ ಕೂತು ಮುಖ ಎತ್ತದ ಹುಡುಗಿ. ಅದನ್ನು ನೆನೆದರೆ ಲೈಟಕ್ಕನ ದನಿ ಏರುತ್ತದೆ. "ನಾನು ಒಂದು ಮೊಟ್ಟೆ ಬಕೆಟ್‌ಗೆ ಹಾಕ್ಬೇಕಾದ್ರೂ ಸುತ್ತ ತಿರುಗಿಸಿ ನೋಡ್ತೀನಿ. ನನ್ನ ಕಾಗದ ಯಾರಾದ್ರೂ ತಿರುಗಿಸಿ ನೋಡಿದ್ರಾ? ಬಡವರು ಅಂದ್ರೆ ವಾಪಸ್ ಬರಲ್ಲ ಅಂತ ಮೊದಲೇ ಬರ್ಕೊಂಡಿರ್ತಾರೆ."

ಇಪ್ಪತ್ತನಾಲ್ಕರೊಳಗೆ ಉತ್ತರ ಬರದಿದ್ದರೆ ಅಕ್ಕ ಒಬ್ಬರೇ ಆಸ್ಪತ್ರೆಗೆ ಹೋಗುತ್ತಾರೆ. ಆ ಮಾತು ಬಂದಾಗ ಲೈಟಕ್ಕ ಆರು ಮೊಟ್ಟೆ ನೋಡಿ ಮುಗಿಸುತ್ತಾರೆ. ಆಮೇಲೆ, ತಲೆ ಎತ್ತದೆ: "ಆಪರೇಷನ್ ಆದ್ಮೇಲೆ ಅವ್ಳಿಗೆ ಕೈ ಎತ್ತೋಕಾಗಲ್ವಂತೆ. ಅವ್ಳ ತಲೆ ಬಾಚಬೇಕು, ಅಷ್ಟೇ ನಂಗೆ. ಆರು ವಾರ ಬಾಚ್ತೀನಿ, ಅವ್ಳ ಕೈ ಮೇಲಕ್ಕೆ ಬರುತ್ತೆ, ನಾನು ಹೊರಡ್ತೀನಿ. ಅಲ್ಲೇ ಉಳ್ಕೊಳ್ಳೋಕೆ ನಂಗೇನು ಬಂದಿದೆ? ಕೆಲಸ ಇದೆ ನಂಗೆ ಇಲ್ಲಿ."