ಒಂಟೆಯ ತಡಿಯೊಳಗಿನ ದೇವರು

ಮಧ್ಯಾಹ್ನ ಊಟವಾದ ಮೇಲೆ ಪುಸ್ತಕ ಹಿಡಿದರೆ, ಓದಿದ್ದೆಷ್ಟು, ಕನಸಿನಲ್ಲಿ ಸೇರಿಸಿದ್ದೆಷ್ಟು ಎಂಬುದು ನನಗೇ ತಿಳಿಯುವುದಿಲ್ಲ. ಯೆಹೂದ್ಯರ ಧರ್ಮಗ್ರಂಥದ ಈ ಕಥೆಯನ್ನೂ ಹಾಗೆಯೇ ಓದಿದ್ದೆ. ಗಂಡನ ಜೊತೆ ತವರು ಬಿಟ್ಟು ಹೊರಟ ಮಗಳೊಬ್ಬಳು ಅಪ್ಪನ ಮನೆದೇವರುಗಳನ್ನು ಕದ್ದು, ಒಂಟೆಯ ಬೆನ್ನಿಗೆ ಹಾಕುವ ತಡಿಯೊಳಗೆ ಬಚ್ಚಿಟ್ಟು, ಮೇಲೆ ತಾನೇ ಕುಳಿತುಬಿಡುತ್ತಾಳೆ. ಅಪ್ಪ ಅಟ್ಟಿಸಿಕೊಂಡು ಬಂದು ಡೇರೆಗಳನ್ನೆಲ್ಲ ತಡಕಾಡುತ್ತಾನೆ. ಏನೂ ಅರಿಯದ ಗಂಡ, "ದೇವರನ್ನು ಕದ್ದವರು ಬದುಕಬಾರದು" ಎಂದುಬಿಡುತ್ತಾನೆ. ಮುಂದೆ ಅವಳು ಹೆರಿಗೆಯಲ್ಲಿ ಸಾಯುತ್ತಾಳೆ.

ಶಿರಸಿಯ ನಮ್ಮ ಓದುಗರ ಕೂಟದಲ್ಲಿ ಇದರ ಮೇಲೆ ಮಾತಾಡಿದೆ. ಕದಿಯಬಹುದಾದ, ಮೇಲೆ ಕೂತರೂ ಸುಮ್ಮನಿರುವ ದೇವರು ಎಂಥ ದೇವರು ಎಂದು ಕಥೆಗಾರ ವಿಗ್ರಹಗಳನ್ನು ನೋಡಿ ನಗುತ್ತಿದ್ದಾನೆ ಎಂದೆ. ಗಂಡನ ಆ ಮಾತೇ ಶಾಪವಾಗಿ ತಟ್ಟಿ ಅವಳು ಸತ್ತಳು ಎಂದೂ ಸೇರಿಸಿದೆ. ಚಪ್ಪಾಳೆ ಬಿತ್ತು, ಉಬ್ಬಿದೆ.

ಕೇಳಲು ಬಂದಿದ್ದ ಅಕ್ಕನನ್ನು ಸಿದ್ದಾಪುರದ ಅವಳ ಮನೆಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ಅರ್ಧ ದಾರಿಯಲ್ಲಿ ಅವಳು ನನ್ನ ಕಡೆ ತಿರುಗಿದಳು.

"ತಮಾ, ದೇವರನ್ನ ಕದ್ದ ಆ ಕೂಸು ಶಾಪದಿಂದ್ಲೇ ಸತ್ತೋತಾ?"

ಕಾರು ನಿಲ್ಲಿಸಿದೆ. ಅವಳ ಮದುವೆಯ ಮಾರನೆಯ ದಿನ ನಮ್ಮ ದೇವರ ಕೋಣೆಯಿಂದ ಹಿತ್ತಾಳೆಯ ಪುಟ್ಟ ಕೃಷ್ಣ ಕಾಣೆಯಾಗಿದ್ದ. ಕದ್ದವರ ವಂಶ ಬೆಳೆಯದಿರಲಿ ಎಂದು ಅಪ್ಪಯ್ಯ ಶಪಿಸಿದ್ದ. ಆಮೇಲೆ ಅಕ್ಕನಿಗೆ ಎರಡು ಸಲ ಬಸಿರು ನಿಂತೂ ಉಳಿಯಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ.

"ಕೃಷ್ಣನ್ನ ಆನೇ ತಗಂಡ್ ಹೋಗಿದ್ದಿ" ಎಂದು ಅಕ್ಕ ತನ್ನ ಕಳವನ್ನು ಒಪ್ಪಿಕೊಂಡಳು. "ದಿನಾ ಅವಂಗೆ ಹೂವು ಏರ್ಸವ್ಳು ಆನು. ಬಿಟ್ಟಿಕ್ಕಿ ಹೋಪ್ಲೆ ಮನಸ್ಸು ಬಂದಿಲ್ಲೆ."

ಪುಸ್ತಕ ಹಿಂದಿನ ಸೀಟಿನಲ್ಲೇ ಇತ್ತು. ರಸ್ತೆಬದಿಯಲ್ಲಿ ಕೂತು, ಈ ಸಲ ಪೂರ್ತಿ ಎಚ್ಚರದಲ್ಲಿ ಓದಿದೆ. ಶಾಪಕ್ಕೂ ಸಾವಿಗೂ ನಡುವೆ ಎಷ್ಟೋ ಪುಟಗಳು, ಎಷ್ಟೋ ಊರುಗಳು. ಶಾಪದಿಂದ ಸತ್ತಳೆಂಬ ಮಾತು ಎಲ್ಲಿಯೂ ಇಲ್ಲ.

"ಕಥೇಲಿ ಹಾಂಗೆ ಬರದ್ದಿಲ್ಲೆ ಅಕ್ಕಾ. ಎರಡನ್ನೂ ಜೋಡ್ಸಿದ್ದು ಓದವ್ರು. ಇವತ್ತು ಆನೂ ಅದನ್ನೇ ಮಾಡ್ದಿ."

"ನಂಗೆ ಸಮಾಧಾನ ಆಗ್ಲಿ ಹೇಳಿ ಹೇಳ್ತ್ಯನ?"

ಪುಸ್ತಕವನ್ನೇ ಅವಳ ಕೈಗಿಟ್ಟೆ. ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಪುನಃ ಓದಿದಳು. ಆಮೇಲೆ ಕಿಟಕಿಯಾಚೆ ನೋಡುತ್ತ ಬಹಳ ಹೊತ್ತು ಅತ್ತಳು.

ಮನೆ ಮುಟ್ಟಿದ್ದೇ, ಹಳೆಯ ಸೀರೆಗಳ ಅಡಿಯಿಂದ ಕೃಷ್ಣನನ್ನು ತೆಗೆದಳು. ಪೂರ್ತಿ ಕಪ್ಪಾಗಿದ್ದ. ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಮೊದಲು ಮೂಗು ಹೊಳೆಯಿತು, ಆಮೇಲೆ ನಗು.

"ದೇವರ ಕೋಣೆಲಿ ಇಡ್ತ್ಯಾ?" ಎಂದೆ.

"ಆಮೇಲೆ ಇಡನ. ಇಷ್ಟು ವರ್ಷ ಕತ್ಲಲ್ಲೇ ಇದ್ದಿದ್ದ, ಪಾಪ" ಎನ್ನುತ್ತ ಅಕ್ಕ ಅವನನ್ನು ಅಡುಗೆಮನೆಯ ಕಿಟಕಿಯಲ್ಲಿ, ಬಿಸಿಲಿಗೆ ಮುಖ ಮಾಡಿ ಕೂರಿಸಿದಳು.