ಕ್ಯೂಬಿಗೆ ಬೇರೆ ಕಾಂಕ್ರೀಟ್

ಸ್ನೇಹಿತರೇ, ಇವತ್ತು ಪುಂಜಾಲಕಟ್ಟೆಯ ಹತ್ತಿರ ನಾನು ಡಿಸೈನ್ ಮಾಡಿದ ಮನೆಗೆ ಸ್ಲ್ಯಾಬ್ ಹಾಕುತ್ತಿದ್ದರು. ಚಹಾ ಕುಡಿದು ಮೇಲೆ ಹೋದರೆ, ಮೇಸ್ತ್ರಿ ಮೋನಪ್ಪಣ್ಣ ಮೂಲೆಯಲ್ಲಿ ಕುಳಿತು ತಗಡಿನ ಮೇಲೆ ಒಂದಿಷ್ಟು ಕಾಂಕ್ರೀಟನ್ನು ಬೇರೆಯಾಗಿ ಕಲಸುತ್ತಿದ್ದರು. ಸಿಮೆಂಟ್ ಧಾರಾಳ, ನೀರು ಮಾತ್ರ ಚಿಮುಕಿಸಿದಷ್ಟು. ಪಕ್ಕದಲ್ಲಿ ಲ್ಯಾಬ್ ಪರೀಕ್ಷೆಯ ಕ್ಯೂಬ್ ಅಚ್ಚುಗಳು; ಸ್ಲ್ಯಾಬಿನ ಕಾಂಕ್ರೀಟನ್ನೇ ಅವುಗಳಲ್ಲಿ ತುಂಬಿ, ಒಣಗಿದ ಮೇಲೆ ಲ್ಯಾಬಿನಲ್ಲಿ ಒಡೆದು ಎಷ್ಟು ಗಟ್ಟಿ ಎಂದು ನೋಡುತ್ತಾರೆ.

"ಇದೆಂತದು ಮೋನಪ್ಪಣ್ಣ?"

"ಇದು ನಿಮ್ಮ ಟೆಸ್ಟಿಗೆ ಸರ್. ಸ್ಲ್ಯಾಬಿನದ್ದರಲ್ಲಿ ನೀರು ಜಾಸ್ತಿ ಉಂಟು. ನೀವು ಹೇಳಿದಷ್ಟೇ ಹಾಕಿದ್ರೆ ಅದು ಕಂಬಿಯ ಎಡೆಗೆ ಇಳಿಯುವುದೇ ಇಲ್ಲ ಮಾರಾಯ್ರೆ. ಅದನ್ನೇ ಲ್ಯಾಬಿಗೆ ಕೊಟ್ರೆ ನೀವು ಫೇಲ್ ಆಗ್ತೀರಿ."

"ಯಾವಾಗಿನಿಂದ ಹೀಗೆ ಮಾಡ್ತಿದ್ದೀರಿ?"

"ಲಾಯಿಲದ ಮನೆಯಿಂದ. ನಿಮ್ಮ ಹೆಸರು ಹಾಳಾಗಬಾರದಲ್ಲ!"

ಲಾಯಿಲದ ಕ್ಯೂಬುಗಳು ಬೇಕಾದದ್ದಕ್ಕಿಂತ ಎಷ್ಟೋ ಗಟ್ಟಿ ಬಂದಿದ್ದವು. ಇಷ್ಟು ಸಿಮೆಂಟ್ ಬೇಕಿಲ್ಲವೆಂದು ಹಿಗ್ಗಿ, ಮುಂಡಾಜೆಯ ಮನೆಗೆ ಸ್ವಲ್ಪ ಕಡಿಮೆ ಮಾಡಿದೆ. ಅಲ್ಲಿನ ಕ್ಯೂಬುಗಳೂ ಗಟ್ಟಿ ಬಂದವು. ಇಲ್ಲಿಗೆ ಇನ್ನಷ್ಟು ಕಡಿಮೆ ಮಾಡಿದ್ದೆ. ಅವರು ನನ್ನ ಮಾನ ಉಳಿಸಲು ಕ್ಯೂಬಿಗೆ ಸಿಮೆಂಟ್ ಹೆಚ್ಚಿಸುತ್ತಾ ಹೋದರು, ಅದನ್ನು ನಂಬಿ ನಾನು ಮನೆಗಳಿಗೆ ಕಡಿಮೆ ಮಾಡುತ್ತಾ ಹೋದೆ.

ಇವತ್ತಿನ ಕೆಲಸ ನಿಲ್ಲಿಸಿ ಬಂದಿದ್ದೇನೆ. ಉಳಿದೆರಡು ಮನೆಗಳಲ್ಲಿ ಜನ ವಾಸವಾಗಿದ್ದಾರೆ. ನಾಳೆ ಅವರ ಬಾಗಿಲು ತಟ್ಟಿ ಏನೆಂದು ಹೇಳಲಿ?

ನಾನು ಲೆಕ್ಕ ಹಾಕಿದಷ್ಟು ಗಟ್ಟಿಯಾಗಿದ್ದದ್ದು ಆ ಕ್ಯೂಬುಗಳು ಮಾತ್ರ. ಅವನ್ನು ಲ್ಯಾಬಿನವರು ಪರೀಕ್ಷೆಯ ದಿನವೇ ಒಡೆದು ಎಸೆದಿದ್ದಾರೆ.