ಕೋತಿ ಎತ್ತಿಕೊಂಡು ಹೋದ ಕೀ

ನನ್ನ ತಮ್ಮನಿಗೆ ಹಾಡಿನ ಹುಚ್ಚು ಎಂದರೆ ಕೇಳಿದವರು ಒಳ್ಳೆಯದೇ ಬಿಡಿ ಎನ್ನುತ್ತಾರೆ. ಅವರು ಆ ಹಾಡು ಕೇಳಿಲ್ಲ. ಇಬ್ಬರು ಮೂವರು ಗಿಟಾರ್ ಹಿಡಿದು, ಒಬ್ಬ ಡ್ರಮ್ಮು ಬಡಿದು, ಇನ್ನೊಬ್ಬ ಹೊಟ್ಟೆಯೊಳಗಿಂದ ಕಿರುಚಿದರೆ ಅದು ಅವನ ಪಾಲಿಗೆ ಹಾಡು. ಮೊದಲ ಸಲ ಅವನ ಫೋನಿನಿಂದ ಅದು ಹೊರಟಾಗ ನಮ್ಮಮ್ಮ ಒಲೆ ಮುಂದಿನಿಂದ ಎದ್ದು ಓಡಿ ಬಂದು, "ಯಾರ್ಗ್ಲಾ ಏನಾಯ್ತು?" ಎಂದಿದ್ದಳು.

ಬರೀ ಕೇಳಿಕೊಂಡಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅವನು ನೋಡಲು ಹೋಗುತ್ತಿದ್ದ. ಮಂಡ್ಯದಲ್ಲಿ ಐಟಿಐ ಓದುವಾಗ ಹಾಸ್ಟೆಲಿನ ಹುಡುಗನೊಬ್ಬ ಹತ್ತಿಸಿದ ಚಟ ಅದು. ಓದು ಮುಗಿಸಿ ಮದ್ದೂರಿನ ಮೋಟಾರು ವೈಂಡಿಂಗ್ ಅಂಗಡಿಗೆ ಸೇರಿದ ಮೇಲೆ ಕೈಗೆ ಕಾಸು ಬಂತು, ಚಟಕ್ಕೆ ಕಾಲು ಬಂತು. ಶನಿವಾರ ಬಂದರೆ ನಮ್ಮೂರ ಹತ್ತಿರದ ಹನಕೆರೆಯಲ್ಲಿ ರೈಲು ಹತ್ತುವುದು, ಬೆಂಗಳೂರಿನ ಆಚೆ ಯಾವುದೋ ಬಯಲಿನಲ್ಲಿ ನಿಂತುಕೊಂಡೇ ಕೂಗಾಟ ಕೇಳುವುದು, ಭಾನುವಾರ ಕತ್ತು ಹಿಡಿದುಕೊಂಡು ಬರುವುದು. ಅಲ್ಲಿ ತಲೆ ಕುಣಿಸಬೇಕಂತೆ. ಅದಕ್ಕೇ ಭುಜದವರೆಗೆ ಕೂದಲು. ಇತ್ತ ಸುಟ್ಟುಹೋದ ಪಂಪಿನ ಮೋಟಾರು ತಂದಿಟ್ಟ ರೈತರು, ಅವನು ಫೋನು ಎತ್ತದಿದ್ದರೆ ನನಗೆ ಮಾಡುತ್ತಿದ್ದರು. "ಕಬ್ಬು ಒಣಗ್ತಾ ಅದೆ, ನಿನ್ ತಮ್ಮ ಎಲ್ಲೋದ್ನಮ್ಮ?" ನಾನು ಮಳವಳ್ಳಿಯಲ್ಲಿ ಗಂಡನ ಮನೆಯಲ್ಲಿ ಬ್ಲೌಸು ಹೊಲಿಯುತ್ತ ಕೂತವಳು. ಮದ್ದೂರಿನ ಮೋಟಾರಿಗೆ ನಾನೇನು ಉತ್ತರ ಕೊಡಲಿ?

ಆ ಹಾಡಿನ ಬಯಲಿನೊಳಗೆ ಬಿಡುವಾಗ ಮಣಿಕಟ್ಟಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಅದನ್ನು ಅವನು ಬಿಚ್ಚುತ್ತಿರಲಿಲ್ಲ. ಒಂದರ ಮೇಲೊಂದು ಬಿದ್ದು ಬೆವರಿಗೆ ನಾರುತ್ತಿದ್ದವು. ಅಮ್ಮ ಅವನ್ನು ಯಾವುದೋ ದೇವರ ದಾರ ಎಂದುಕೊಂಡು ಹಬ್ಬದ ದಿನ ಕುಂಕುಮ ಹಚ್ಚಿದಳು. "ಕುಂಕುಮ ಅಚ್ಚವ್ವ, ನಂಗೆ ಅದೇ ದೇವ್ರು" ಎಂದು ಕೈ ಒಡ್ಡಿಕೊಂಡು ನಿಂತಿದ್ದ. ಇಂಥವನನ್ನು ಏನೆಂದು ಬಯ್ಯುವುದು?

ಇಷ್ಟೆಲ್ಲ ಅಲೆದರೂ ಅವನಿಗೆ ಪ್ರಾಣವಾದ ಒಂದು ತಂಡವನ್ನು ಮಾತ್ರ ಅವನು ನೋಡಿರಲಿಲ್ಲ. ಮೊದಲ ಸಲ ಬೆಂಗಳೂರಿನಲ್ಲಿ ಮಳೆ ಬಂದು ಕರೆಂಟು ತೆಗೆದರು. ಇನ್ನೊಂದು ಸಲ ಕಾವೇರಿ ನೀರಿಗಾಗಿ ಬಂದ್; ಮದ್ದೂರಿನಲ್ಲಿ ರಸ್ತೆಗೆ ಟಯರು ಹಾಕಿ ಸುಟ್ಟರು, ರೈಲೂ ನಿಂತಿತು. ಇವನು ಹೈವೇಯ ನಡುವೆ ನಿಂತು, ಧರಣಿ ಕೂತವರ ಹತ್ತಿರ ಹೋಗಿ, "ಅಣ್ಣ, ನನ್ನೊಬ್ಬನ್ನ ಬುಡ್ರಣ್ಣ" ಎಂದು ಕೇಳಿದನಂತೆ. "ಎಲ್ಲಿಗ್ಲಾ?" ಎಂದು ಅವರು ಕೇಳಿದರೆ ನಿಜ ಹೇಳಿದನಂತೆ. ಹೊಡೆಯದೆ ಕಳಿಸಿದ್ದೇ ಅವರ ದೊಡ್ಡತನ. ಮೂರನೆಯ ಸಲ ಆ ತಂಡದವರು ಈಶಾನ್ಯದ ಬೆಟ್ಟದ ಊರೊಂದರಲ್ಲಿ ಆಡುತ್ತಾರೆಂದು ಜನರಲ್ ಬೋಗಿಯಲ್ಲಿ ಕೂತು ಅಷ್ಟು ದೂರ ಹೋದ. ಅಲ್ಲಿಗೆ ಹೋದರೆ ಹಾಡುವವನ ಗಂಟಲು ಕಟ್ಟಿತ್ತು. ನಾನು ಕೇಳಿ ನಕ್ಕುಬಿಟ್ಟೆ. "ಅಂಗೆ ಕಿರುಚ್ಕೊಂಡ್ರೆ ಕಟ್ದೆ ಇನ್ನೇನಾಯ್ತದೆ?" ಅವನು ನಗಲಿಲ್ಲ.

ಆ ಪ್ರಯಾಣದಲ್ಲಿ ಅವನ ಫೋನು ಸತ್ತು, ಹಲವು ದಿನ ಸುದ್ದಿಯೇ ಇರಲಿಲ್ಲ. ಅಮ್ಮ ಹೆದರಿ ಮುತ್ತತ್ತಿರಾಯನಿಗೆ ಹರಕೆ ಹೊತ್ತಳು: ಮೊಮ್ಮಗನ ಮೊದಲ ಮುಡಿಯ ಜೊತೆಗೆ ಮಗನ ಮುಡಿಯನ್ನೂ ಕೊಡಿಸುತ್ತೇನೆ, ಅವನು ಮನೆ ಸೇರಲಿ ಎಂದು. ಅವನು ಸೇರಿದ. ಮೊಮ್ಮಗ ಅಂದರೆ ನನ್ನ ಮಗ. ಮುಡಿ ಕೊಡುವಾಗ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು, ಮೊದಲ ಕತ್ತರಿ ಅವನದೇ. ಆಮೇಲೆ ಮಾವ ಅಳಿಯ ಇಬ್ಬರೂ ಒಂದೇ ಎಲೆಯಲ್ಲಿ ಉಂಡ ಮೇಲೆಯೇ ಉಳಿದವರ ಊಟ. ನನ್ನ ಗಂಡನ ಮನೆಯವರಿಗೆ ಈ ಎಲೆಯ ವಿಷಯದಲ್ಲಿ ಬಹಳ ಬಿಗಿ.

ಒಂದು ಶನಿವಾರಕ್ಕೆ ಮುಡಿ ಗೊತ್ತಾಯಿತು. ನೆಂಟರಿಗೆಲ್ಲ ಹೇಳಿಯಾಯಿತು. ಆಮೇಲೆ ಇವನ ಫೋನು.

"ಅಕ್ಕಾ, ಮುಡೀನ ಬ್ಯಾರೆ ವಾರ ಇಟ್ಕೊಳಕ್ಕಾಗಲ್ವಾ?"

"ಯಾಕ್ಲಾ?"

"ಅವರು ಬತ್ತಾವ್ರೆ ಕಣಕ್ಕ, ಬೆಂಗ್ಳೂರ್ಗೆ. ಅವತ್ತೇ ಕೊನೆ. ಆಮೇಲೆ ತಂಡಾನೇ ಇರಲ್ವಂತೆ. ಒಬ್ಬೊಬ್ರು ಒಂದೊಂದ್ ದಿಕ್ಕು."

"ಮುಂದಿನ ವಾರಕ್ಕೆ ಮಗೀಗೆ ಮೂರು ತುಂಬಿ ನಾಕಕ್ಕೆ ಬೀಳ್ತದೆ. ಸರಿ ವರ್ಸದಲ್ಲಿ ಮುಡಿ ತೆಗಿಯಂಗಿಲ್ಲ. ಐದರವರ್ಗೂ ಅದೂ ನಿನ್ನಂಗೆ ಜಡೆ ಬುಟ್ಕೊಂಡು ತಿರುಗ್ಲಾ?"

"ಆಯ್ತು, ಬೆಳಿಗ್ಗೆನೇ ಮುಡಿ ಮುಗ್ಸದ. ಮದ್ಯಾನ ಅಲ್ಲಿಂದ್ಲೇ ಬೈಕಲ್ಲಿ ಓಯ್ತೀನಿ. ಕನಕಪುರದ ಮೇಲೆ ಓದ್ರೆ ಸಂಜೆಗೆ ಸರಿಯಾಯ್ತದೆ" ಎಂದ. "ನಿನ್ ಕೂದ್ಲು?" ಎಂದೆ. "ಕೂದ್ಲು ಬೆಳೀತದೆ ಬುಡಕ್ಕ."

ಮುತ್ತತ್ತಿಗೆ ಅವನು ಅಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಎಲ್ಲರಿಗಿಂತ ಮೊದಲೇ ಬಂದಿದ್ದ. ನಮ್ಮ ಜನ ಬಂದ ಟೆಂಪೋ ಹಲಗೂರಿನ ಹತ್ತಿರ ಪಂಚರಾಗಿ ನಿಂತಿತು. ಪಾತ್ರೆ, ಅಕ್ಕಿ, ಸೌದೆ ಎಲ್ಲ ಅದರಲ್ಲೇ. ನಾನು, ಮಗು, ಗಂಡ, ಅತ್ತೆ ಮುಂದೆ ಬಂದ ಆಟೋದಲ್ಲಿದ್ದೆವು. ಅವನು ನದಿಯ ದಡದಲ್ಲಿ ಹೋಗಿ ಬಂದು, ಹೋಗಿ ಬಂದು, ಸಮಯ ನೋಡುತ್ತಿದ್ದ. ಆದರೂ ಮುಡಿ ಚೆನ್ನಾಗಿಯೇ ಆಯಿತು. ಮಗು ಅಳದಂತೆ ಇವನು ಅದರ ಕಿವಿಯಲ್ಲಿ ಏನೋ ಗುನುಗುತ್ತಿದ್ದ. ಅದೇ ದರಿದ್ರ ಹಾಡು ಇರಬೇಕು, ಮಗು ಮಾತ್ರ ಕಣ್ಣರಳಿಸಿ ಕೂತಿತ್ತು. ಮಗುವಿನದಾದ ಮೇಲೆ ಇವನು ಕೂತ. ಅಷ್ಟೂ ಕೂದಲು ಕಲ್ಲಿನ ಮೇಲೆ ಬಿತ್ತು. ಅವನು ತಲೆ ಸವರಿಕೊಂಡು, "ಗಾಳಿ ಆಡ್ತದೆ ಕಣವ್ವ" ಎಂದು ಅಮ್ಮನನ್ನು ನಗಿಸಿದ. ಕ್ಷೌರಕ್ಕೆ ಕೂರುವಾಗ ಕಳಚಿದ ಕರಿ ಅಂಗಿಯನ್ನು ನನ್ನ ಕೈಗೆ ಕೊಟ್ಟಿದ್ದ. ಅದರ ಜೇಬಿನಲ್ಲಿ ಬೈಕಿನ ಕೀ.

ಅವನು ನದಿಗೆ ಇಳಿದ. ಟೆಂಪೋ ಆಗತಾನೆ ಬಂದಿತ್ತು, ಒಲೆಗೆ ಇನ್ನೂ ಬೆಂಕಿ ಹಿಡಿದಿರಲಿಲ್ಲ. ಮುಳುಗು ಹಾಕಿದವನು ನೀರಿನಿಂದಲೇ ಕೂಗಿದ: "ಅಕ್ಕಾ, ಎಲೆ ಊಟ ಇನ್ನೊಂದಿನ ಇಟ್ಕೊಳನ, ನಾ ಓಯ್ತೀನಿ!"

ಅತ್ತೆ ನನ್ನ ಪಕ್ಕದಲ್ಲೇ ಇದ್ದರು. "ಸೋದರಮಾವ ಎಲೆ ಮುಂದೆ ಕೂರ್ದೆ ಎದ್ದೋದ್ರೆ ಮಗೀಗೆ ಏಳ್ಗೆ ಅದಾ?" ಎಂದರು. ಆಮೇಲೆ ಓರಗಿತ್ತಿಯ ಕಡೆ ತಿರುಗಿ, "ಇವರ ತವ್ರಲ್ಲಿ ರೀತಿನೇ ಇಂಗೆ. ಕೂಳು ಬ್ಯಾಡ, ಕೂಗಾಟ ಬೇಕು" ಎಂದರು.

ನನಗೆ ಸಿಟ್ಟು ಬಂತು. ಅತ್ತೆಯ ಮೇಲೆ ಎನ್ನಬೇಕು, ಅಲ್ಲ, ಅವನ ಮೇಲೆ. ಇವನು ಹೊಸ ಬೋಳುತಲೆಯಲ್ಲಿ ನೀರು ಚಿಮ್ಮಿಸಿಕೊಂಡು ನಗುತ್ತಿದ್ದ, ಹೋಗುವ ಖುಷಿಯಲ್ಲಿ. ಯಾವಾಗಲೂ ಹೋಗುವವನು ಅವನೇ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಇವನನ್ನು ಎತ್ತಿಕೊಳ್ಳಲು. ಅಮ್ಮ ಕೂಲಿಗೆ ಹೋಗಬೇಕಿತ್ತು. ಆ ವರ್ಷ ಶಾಲೆಯ ಮಕ್ಕಳೆಲ್ಲ ಪ್ರವಾಸಕ್ಕೆ ಹೋದ ದಿನ ನಾನು ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹನಕೆರೆ ಸ್ಟೇಷನ್ನಿನಲ್ಲಿ ನಿಂತು ರೈಲು ತೋರಿಸುತ್ತಿದ್ದೆ. ಅವನಿಗೆ ರೈಲಿನ ರುಚಿ ಹತ್ತಿಸಿದವಳು ನಾನೇ. ಅದೆಲ್ಲ ಆ ಕ್ಷಣದಲ್ಲಿ ಯೋಚಿಸಿದೆ ಎಂದರೆ ಸುಳ್ಳು. ಈಗ ಹುಡುಕಿದರೆ ಸಿಗುವ ಕಾರಣ ಇದು. ಆಗ ನನ್ನ ಕೈ ಅಂಗಿಯ ಜೇಬಿಗೆ ಹೋಯಿತು, ಕೀ ನನ್ನ ಸೀರೆಯ ಸೊಂಟದ ಗಂಟಿಗೆ ಬಂತು. ಎಲೆ ಮುಂದೆ ಕೂತು ಏಳುವವರೆಗೆ ಮಾತ್ರ ಎಂದುಕೊಂಡೆ.

ಅವನು ಬಂದು ಅಂಗಿ ಹಾಕಿಕೊಂಡು ಜೇಬು ಮುಟ್ಟಿಕೊಂಡ. "ಕೀ ಎಲ್ಲಕ್ಕ?"

"ನಂಗೇನ್ ಗೊತ್ತು? ಅಲ್ಲೇ ಇರ್ಬೇಕು ನೋಡು."

ಮರಳು ಕೆದಕಿದ. ಕೂದಲ ರಾಶಿಯನ್ನು ಕೈಯಲ್ಲಿ ಬಗೆದ. ಎಲ್ಲರೂ ಸೇರಿಕೊಂಡರು. ಆಗ ನಾನು ಕೀ ತೆಗೆದು "ಇಲ್ಲೇ ಬಿದ್ದಿತ್ತು" ಎನ್ನಬಹುದಿತ್ತು. ಅತ್ತೆ ನೋಡುತ್ತಿದ್ದರು. ಅಮ್ಮ ಗಾಬರಿಯಿಂದ, "ಅಂಗಿ ಕೆಳಗಿಟ್ಟಿದ್ಯೇನೆ? ಕೋತಿಗೀತಿ ಎತ್ಕೊಂಡೋಯ್ತಾ?" ಎಂದಳು.

ಅಲ್ಲಿ ಕೋತಿಗಳಿಗೆ ಬರವಿಲ್ಲ. ಬೆಳಿಗ್ಗೆ ನಮ್ಮ ಬಾಳೆಹಣ್ಣನ್ನೂ ಕಿತ್ತುಕೊಂಡು ಹೋಗಿದ್ದವು.

"ಊಂ" ಎಂದೆ. "ಒಂದು ಬಂದಿತ್ತು."

ನಾನು ಆಡಿದ್ದು ಅಷ್ಟೇ. ಉಳಿದದ್ದನ್ನು ಅವರೇ ಕಟ್ಟಿದರು. ನನ್ನ ಗಂಡ ಒಂದು ಮರದ ಮೇಲೆ ಏನೋ ಹೊಳೆಯಿತು ಎಂದ. ಓರಗಿತ್ತಿ ಆ ಕೋತಿಯ ಕಿವಿ ಹರಿದಿತ್ತು ಎಂದಳು. ನನ್ನ ತಮ್ಮ ಬೋಳುತಲೆಗೆ ಬಳಿದ ಗಂಧ ಹಣೆಗೆ ಇಳಿಯುತ್ತಿರಲು, ಒಂದು ಕೈಯಲ್ಲಿ ಬಾಳೆಹಣ್ಣು ಹಿಡಿದು ಮರದಿಂದ ಮರಕ್ಕೆ ಓಡಿದ. "ತಗಳಪ್ಪ, ತಗಳಪ್ಪ, ಅದನ್ನ ಕೊಟ್ಬುಡಪ್ಪ" ಎಂದು ಬೇಡಿಕೊಂಡ. ಪಿಕ್‌ನಿಕ್ಕಿಗೆ ಬಂದವರು ನಿಂತು ವಿಡಿಯೋ ಮಾಡಿದರು. ಕೋತಿಗಳು ಹಣ್ಣು ತಿಂದು ಸುಮ್ಮನಾದವು. ನಾನು ಪ್ರತಿ ಸಲ ಬಗ್ಗಿದಾಗಲೂ ಕೀ ಸೊಂಟಕ್ಕೆ ಚುಚ್ಚುತ್ತಿತ್ತು.

ಕೊನೆಗೆ ಅನ್ನ ಬೆಂದಿತು. ಅವನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೇ ಎಲೆಯಲ್ಲಿ ಉಂಡ. ಮಗುವಿಗೆ ತುತ್ತು ಮಾಡಿ ಕೊಡುತ್ತ, ತಾನು ಅಗಿಯುವುದನ್ನೇ ಮರೆಯುತ್ತಿದ್ದ. ಅತ್ತೆಗೆ ಸಮಾಧಾನವಾಯಿತು. "ಮುತ್ತತ್ತಿರಾಯನೇ ಕೂರಿಸ್ದ" ಎಂದರು. ಎದ್ದವನೇ ಯಾರದೋ ಕಾರಿಗೆ ಕೈಮುಗಿದು ಹಲಗೂರಿನವರೆಗೆ ಹೋಗಿ, ಅಲ್ಲಿ ಬಸ್ಸಿಗೆ ಕಾದು ಬೆಂಗಳೂರಿಗೆ ಹೋದ. ಬೈಕನ್ನು ಮಾರನೆಯ ದಿನ ನನ್ನ ಗಂಡ ಅಮ್ಮನ ಮನೆಯಲ್ಲಿದ್ದ ಇನ್ನೊಂದು ಕೀ ಒಯ್ದು ತಂದ.

"ಅವರು ನೋಡಕ್ಕೆ ಸಿಕ್ಕಿದ್ರೇನ್ಲಾ?" ಎಂದು ಫೋನಿನಲ್ಲಿ ಕೇಳಿದೆ. ಕೇಳಲು ನನಗೆ ಬಾಯಿ ಹೇಗೆ ಬಂತೋ.

"ಗೇಟ್ ತಾವ ಓಗೋವತ್ಗೆ ಕೊನೇ ಹಾಡು ಕಣಕ್ಕ. ಒಳಗ್ ಬುಡ್ನಿಲ್ಲ. ಕಾಂಪೌಂಡ್ ಈಚಿಂದ ಕೇಳುಸ್ತು. ಡ್ರಮ್ಮು ಚೆನ್ನಾಗ್ ಕೇಳುಸ್ತು."

ಆಮೇಲೆ ನಮ್ಮ ಮನೆಯಲ್ಲಿ ಆ ಕೋತಿ ದೊಡ್ಡದಾಗುತ್ತ ಹೋಯಿತು. ಬೆಂಗಳೂರಿನ ದಾರಿಯಲ್ಲಿ ಏನೋ ಗಂಡಾಂತರ ಇತ್ತು, ಕೋತಿಮುಖದ ದೇವರು ಮುತ್ತತ್ತಿರಾಯನೇ ಕೋತಿಯಾಗಿ ಬಂದು ತಡೆದ ಎಂದು ಅಮ್ಮ ಬೀದಿಗೆಲ್ಲ ಹೇಳಿದಳು. ಅದಕ್ಕಿಂತ ಕಷ್ಟವಾದದ್ದು ಅವನೂ ಹೇಳಲು ಶುರುಮಾಡಿದ್ದು. ಬೇರೆ ತಂಡಗಳನ್ನು ನೋಡಲು ಹೋದಲ್ಲೆಲ್ಲ ಅದೇ ಕತೆಯಂತೆ. ಅಲ್ಲಿಗೆ ಕರಿ ಅಂಗಿ ಹಾಕಿಕೊಂಡು ಬರುವ ಹುಡುಗರು ಇವನನ್ನು ಕಂಡರೆ 'ಕೋತಿ ಬಂದ' ಎಂದು ಕೂಗಿ ಸುತ್ತ ಸೇರಿಕೊಳ್ಳುತ್ತಿದ್ದರಂತೆ. ಕೋತಿ ಹಲ್ಲು ಕಿರಿದದ್ದನ್ನು ಅವನು ಅಭಿನಯಿಸಿ ತೋರಿಸುವಾಗ ನನ್ನ ಮಗ ಬಿದ್ದು ಬಿದ್ದು ನಗುತ್ತಾನೆ. ನಾನು ಒಳಗೆ ಹೋಗಿ ಮೆಷಿನ್ನು ತುಳಿಯುತ್ತೇನೆ. ಕೀ ಅದೇ ಮೆಷಿನ್ನಿನ ಡ್ರಾಯರಿನಲ್ಲಿ, ಬಾಬಿನ್ನುಗಳ ಕೆಳಗೆ ಇತ್ತು. ಎಸೆಯಲು ಎಷ್ಟೋ ಸಲ ಕೈಗೆತ್ತಿಕೊಂಡಿದ್ದೆ. ಎಸೆದರೆ ಕೋತಿಯೇ ನಿಜವಾಗಿಬಿಡುತ್ತದೆ ಎನಿಸುತ್ತಿತ್ತು.

ಈ ವರ್ಷ ಅವನು ಆ ಬೈಕು ಮಾರಲು ಹೊರಟ. ಕೊಳ್ಳಲು ಬಂದವನು ನಮ್ಮ ಮಳವಳ್ಳಿಯವನೇ, ನಮ್ಮ ಮನೆಯ ಮುಂದೆಯೇ ಬೈಕು ನೋಡಿದ. ಎರಡನೆಯ ಕೀ ಕೊಟ್ಟರೇ ಒಯ್ಯುವುದು, ಇಲ್ಲದಿದ್ದರೆ ಬೇಡ ಎಂದು ಹಟ ಹಿಡಿದ. "ಅದು ಕೋತಿ ತಾವ ಅದೆ ಅಣ್ಣ" ಎಂದು ಇವನು ಕತೆ ಶುರುಮಾಡಿದ. "ಕೋತಿ ಕತೆ ನಂಗ್ಯಾಕೆ, ಯಾರೋ ಕಳ್ಳನ ತಾವ ಇದ್ರೆ?" ಎಂದು ಅವನು ಹೊರಟೇ ಹೋದ.

ಕಳ್ಳ ಎಂಬ ಆ ಮಾತಿಗೆ ನಾನು ಒಳಗೆ ಹೋಗಿ ಡ್ರಾಯರು ಎಳೆದು ಕೀ ತಂದು ತಮ್ಮನ ಮುಂದೆ ಇಟ್ಟೆ. "ಕೋತಿ ಬಂದಿರ್ನಿಲ್ಲ ಕಣ್ಲಾ" ಎಂದೆ. "ನಾನೇ."

ಅವನು ಕೀಯನ್ನು ತಿರುಗಿಸಿ ನೋಡಿದ. ಬಯ್ಯುತ್ತಾನೆ ಎಂದು ಕಾದೆ. ಬಯ್ದಿದ್ದರೆ ನನಗೆ ಮಾತು ಸಿಗುತ್ತಿತ್ತು. ಅತ್ತೆಯ ಬಗ್ಗೆ, ಎಲೆಯ ಬಗ್ಗೆ, ಸ್ಟೇಷನ್ನಿನ ಬಗ್ಗೆ ಎಲ್ಲ ಜೋಡಿಸಿಕೊಂಡಿದ್ದೆ. ಅವನು, "ಅವತ್ತು ಅವರ್ನ ನೋಡಕ್ಕಾಗ್ದೆ ನಂಗೆ ಉಳ್ದಿದ್ದು ಆ ಕೋತಿ ಒಂದೇ. ಅದ್ನೂ ಕಿತ್ಕೊಂಡ್ಯಲ್ಲಕ್ಕ" ಎಂದ.

ಇನ್ನೊಬ್ಬ ಗಿರಾಕಿ ಸಿಕ್ಕಿ ಬೈಕು ಹೋಯಿತು, ಹೊಸದು ಬಂತು. ಅಮ್ಮನಿಗೆ ಅವನು ಏನನ್ನೂ ಹೇಳಿಲ್ಲ. ನನ್ನ ಮಗ ಕೇಳಿದರೆ ಕೋತಿಯ ಕತೆ ಈಗಲೂ ಹೇಳುತ್ತಾನೆ, ಹಲ್ಲು ಮಾತ್ರ ಕಿರಿಯುವುದಿಲ್ಲ. ನಮ್ಮ ಮನೆಗೂ ಬರುತ್ತಾನೆ. ಮೊದಲು ಬಂದ ಕೂಡಲೇ ಬಾಗಿಲ ಪಕ್ಕದ ಮೊಳೆಗೆ ಕೀ ನೇತುಹಾಕಿ ಒಳಗೆ ಬರುತ್ತಿದ್ದ. ಈಗ ಊಟಕ್ಕೆ ಕೂತಾಗಲೂ ಎಡಗೈ ಮುಷ್ಟಿಯಲ್ಲಿ ಇಟ್ಟುಕೊಂಡಿರುತ್ತಾನೆ. ಬೇಕೆಂದು ಮಾಡುತ್ತಾನೋ, ಕೈಗೆ ಅಭ್ಯಾಸವಾಗಿದೆಯೋ, ನನಗೆ ತಿಳಿಯದು. ನೋಡಿ ನೋಡಿ ನನಗೆ ರೇಗುತ್ತದೆ.

"ಅದನ್ನ ಅತ್ಲಾಗಿಟ್ಟು ನೆಟ್ಗೆ ಉಣ್ಲಾ" ಎನ್ನುತ್ತೇನೆ.

"ಉಣ್ಣಾಕೆ ಒಂದ್ ಕೈ ಸಾಕು ಬುಡಕ್ಕ" ಎನ್ನುತ್ತಾನೆ.

ನಾನು ಸಾರು ಬಡಿಸುತ್ತೇನೆ.